ಸಿಟ್ಟು, ಭಯ ನೆತ್ತಿಗೇರಿದಾಗ ಬುದ್ಧಿ ಎಲ್ಲಿ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಡಬಾರದ ಮಾತು ಆಡಿದ ಮೇಲೆ, ಕಳಿಸಬಾರದ ಮೆಸೇಜ್ ಕಳಿಸಿದ ಮೇಲೆ, ಬಾಯಿಪಾಠ ಇದ್ದ ಉತ್ತರ ಪರೀಕ್ಷೆಯಲ್ಲಿ ಮರೆತುಹೋದ ಮೇಲೆ ನಾವೆಲ್ಲ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ‘ನನಗೆ ಆಗ ಏನಾಗಿತ್ತು?’ ಮಿದುಳಿನ ವಿಜ್ಞಾನದಲ್ಲಿ ಇದಕ್ಕೆ ಸಾಕಷ್ಟು ಉತ್ತರವಿದೆ. ಜನ ಜಾಸ್ತಿ ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಂಡಿದ್ದೇನೆ.

ತಪ್ಪು ಅಂತ ಗೊತ್ತಿದ್ದೂ ಮಾಡಿಬಿಡುತ್ತೇವಲ್ಲ, ಯಾಕೆ?

ತಿಳಿದಿರುವುದು ಬೇರೆ, ಆ ಗಳಿಗೆಯಲ್ಲಿ ಮೈ ಮಾಡುವುದು ಬೇರೆ. ಚಾರ್ಲ್ಸ್ ಡಾರ್ವಿನ್ ಇದನ್ನು ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡಿದ್ದರು. ಲಂಡನ್ನಿನ ಮೃಗಾಲಯದಲ್ಲಿ ಪಫ್ ಆ್ಯಡರ್ ಎಂಬ ವಿಷದ ಹಾವು ದಪ್ಪ ಗಾಜಿನ ಹಿಂದೆ ಇತ್ತು. ಡಾರ್ವಿನ್ ಆ ಗಾಜಿಗೆ ಮುಖ ಹತ್ತಿರ ತಂದು ನಿಂತರು. ಹಾವು ಎರಗಿದರೂ ಹಿಂದೆ ಸರಿಯಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದರು. ಹಾವು ಎರಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅವರು ಒಂದೆರಡು ಗಜ ಹಿಂದಕ್ಕೆ ಹಾರಿದ್ದರು. ಗಾಜು ಇದೆ ಎಂದು ಗೊತ್ತಿತ್ತು. ಅಂಥ ಅಪಾಯವನ್ನು ಹಿಂದೆ ಎಂದೂ ಎದುರಿಸಿದವರೂ ಅಲ್ಲ. ಆದರೂ ಇಚ್ಛೆ, ಬುದ್ಧಿ ಎರಡೂ ಕೆಲಸಕ್ಕೆ ಬರಲಿಲ್ಲ ಎಂದು 1872ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಡಾರ್ವಿನ್‌ಗೆ ಬುದ್ಧಿ ಸಾಲದು ಎನ್ನಲಾದೀತೇ? ಬುದ್ಧಿ ಇತ್ತು. ಅದು ಬಂದು ತಲುಪುವ ಹೊತ್ತಿಗೆ ಕಾಲು ನೆಗೆದಾಗಿತ್ತು, ಅಷ್ಟೇ. ನಮ್ಮ ಸಿಟ್ಟಿನ ಮಾತಿನ ಕಥೆಯೂ ಇದೇ. ಬುದ್ಧಿ ಸತ್ತುಹೋಗಿರುವುದಿಲ್ಲ, ತಡವಾಗಿ ಬರುತ್ತದೆ. ಈ ‘ತಡ’ವನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ ಎಂಬುದು ನನ್ನ ನಂಬಿಕೆ.

ಮಿದುಳಿನ ಒಳಗೆ ಆಗುವುದೇನು?

ಮಿದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ತುಸು ಮುಂದೆ, ಆಳದಲ್ಲಿ ಒಂದೊಂದು ಸಣ್ಣ ಗಂಟು ಇದೆ. ಅದಕ್ಕೆ ಅಮಿಗ್ಡಲಾ ಎಂದು ಹೆಸರು. ಬಾದಾಮಿ ಬೀಜದ ಆಕಾರ ಇರುವುದರಿಂದ ಬಾದಾಮಿಯ ಗ್ರೀಕ್ ಹೆಸರನ್ನೇ ಅದಕ್ಕೆ ಇಟ್ಟರು. ‘ಇದು ನನಗೆ ಮುಖ್ಯವಾ? ಅಪಾಯವಾ?’ ಎಂದು ಸದಾ ಗಮನಿಸುವುದು ಅದರ ಕೆಲಸ.

ಕಣ್ಣು, ಕಿವಿಗಳಿಂದ ಬರುವ ಸುದ್ದಿ ಮೊದಲು ಥಲಾಮಸ್ ಎಂಬ ಜಂಕ್ಷನ್‌ಗೆ ಬರುತ್ತದೆ. ಅಲ್ಲಿಂದ ಎರಡು ದಾರಿ. ಒಂದು ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಮೂಲಕ ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ‘ಇದೇನು, ಯಾರು, ಯಾಕೆ’ ಎಂಬ ವಿಚಾರಣೆ ಆಗುತ್ತದೆ. ಇನ್ನೊಂದು ನೇರ ಅಮಿಗ್ಡಲಾಗೆ ಹೋಗುವ ಅಡ್ಡದಾರಿ. ಅಮೆರಿಕದ ಜೋಸೆಫ್ ಲೆಡೂ 1980ರ ದಶಕದಲ್ಲಿ ಇಲಿಗಳಲ್ಲಿ ಈ ಅಡ್ಡದಾರಿಯನ್ನು ತೋರಿಸಿಕೊಟ್ಟರು. ಶಬ್ದವನ್ನು ಗುರುತಿಸುವ ಕಾರ್ಟೆಕ್ಸ್ ಭಾಗವನ್ನು ತೆಗೆದುಹಾಕಿದರೂ ಇಲಿಗಳು ಶಾಕ್ ಜೊತೆ ಬರುವ ಶಬ್ದಕ್ಕೆ ಹೆದರಲು ಕಲಿತವು. ಇಲಿಯಲ್ಲಿ ಸುದ್ದಿ ಈ ದಾರಿಯಲ್ಲಿ ಸುಮಾರು 12 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ.

ಅಡ್ಡದಾರಿಯ ಸುದ್ದಿ ಬೇಗ ಬರುತ್ತದೆ, ಆದರೆ ಮಸುಕಾಗಿರುತ್ತದೆ. ಹಗ್ಗವೋ ಹಾವೋ ಎಂದು ವಿಚಾರಿಸುವಷ್ಟು ವಿವರ ಅದರಲ್ಲಿ ಇರುವುದಿಲ್ಲ. ಹಗ್ಗ ಕಂಡು ಬೆದರಿದರೆ ನಷ್ಟ ಏನೂ ಇಲ್ಲ, ಹಾವನ್ನು ಹಗ್ಗ ಅಂದುಕೊಂಡರೆ ಜೀವವೇ ಹೋಗಬಹುದು. ಲಕ್ಷಾಂತರ ವರ್ಷ ಈ ಲೆಕ್ಕಾಚಾರವೇ ನಮ್ಮನ್ನು ಉಳಿಸಿದೆ. ಮನುಷ್ಯರಲ್ಲಿ, ಅದರಲ್ಲೂ ನೋಟದ ವಿಷಯದಲ್ಲಿ, ಈ ಅಡ್ಡದಾರಿಯ ಪಾಲು ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಇನ್ನೂ ವಾದ ನಡೆದಿದೆ. ಮೈ ಮೊದಲು, ವಿಚಾರಣೆ ಆಮೇಲೆ ಎಂಬ ಕ್ರಮವನ್ನಂತೂ ನಾವೆಲ್ಲ ಅನುಭವದಲ್ಲೇ ಬಲ್ಲೆವು, ಅಲ್ವಾ?

ಇಂಥ ಸ್ಫೋಟವನ್ನು ಅಮಿಗ್ಡಲಾ ಮಾಡುವ ‘ಅಪಹರಣ’ ಎಂದು ಡೇನಿಯಲ್ ಗೋಲ್‌ಮನ್ ಎಂಬ ಲೇಖಕರು 1995ರಲ್ಲಿ ಕರೆದರು. ಆ ಹೆಸರೇ ಜನಪ್ರಿಯವಾಯಿತು.

ಎದೆ ಢವಢವ, ಬಾಯಿ ಒಣಗುವುದು, ಕೈ ನಡುಗುವುದು ಯಾಕೆ?

ಅಪಾಯದ ಗಂಟೆ ಬಾರಿಸಿದ ಕೂಡಲೇ ಹೈಪೊಥಲಾಮಸ್ ಎಂಬ ಭಾಗ ಮೈಯನ್ನು ಹೊಡೆದಾಟಕ್ಕೋ ಓಟಕ್ಕೋ ಸಜ್ಜು ಮಾಡುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಕೈಕಾಲಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಜೀರ್ಣದ ಕೆಲಸ ಆಗ ಬೇಡ, ಹಾಗಾಗಿ ಬಾಯಿಯ ಎಂಜಲೂ ನಿಲ್ಲುತ್ತದೆ, ಹೊಟ್ಟೆಯಲ್ಲಿ ಏನೋ ಕಲಕಿದಂತಾಗುತ್ತದೆ. ವಾಲ್ಟರ್ ಕ್ಯಾನನ್ ಎಂಬ ಶರೀರ ವಿಜ್ಞಾನಿ 1915ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು.

ಆ ಹೊತ್ತಿನಲ್ಲಿ ಯೋಚನೆ ನಿಜವಾಗಿಯೂ ನಿಂತುಹೋಗುತ್ತದೆಯೇ?

ಪೂರ್ತಿ ನಿಲ್ಲುವುದಿಲ್ಲ. ಆದರೆ ಬಹಳ ಸೊರಗುತ್ತದೆ.

ಹಣೆಯ ಹಿಂದೆ ಇರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ನಮ್ಮ ಯೋಚನೆಯ ಹಿರಿಯಣ್ಣ. ನಾಲ್ಕು ವಿಷಯ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು, ಮುಂದಾಗುವುದನ್ನು ಊಹಿಸುವುದು, ನಾಲಿಗೆ ಹಿಡಿಯುವುದು, ಎದುರಿಗಿರುವವರ ಜಾಗದಲ್ಲಿ ನಿಂತು ನೋಡುವುದು ಎಲ್ಲ ಇದರ ಕೆಲಸ. ಏಮಿ ಆರ್ನ್‌ಸ್ಟನ್ ಮತ್ತು ಅವರ ಸಂಗಡಿಗರು ಇದರ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ನಾರ್‌ಅಡ್ರಿನಲಿನ್, ಡೋಪಮಿನ್ ಎಂಬ ರಾಸಾಯನಿಕಗಳು ಹದವಾಗಿದ್ದರೆ ಈ ಭಾಗ ಚುರುಕಾಗಿರುತ್ತದೆ. ತಡೆಯಲಾರದ ಒತ್ತಡ ಬಂದಾಗ ಅವು ಉಕ್ಕಿ ಹರಿಯುತ್ತವೆ, ಆಗ ಅಲ್ಲಿನ ನರಕೋಶಗಳ ನಡುವಿನ ಸಂಪರ್ಕ ಸಡಿಲವಾಗುತ್ತದೆ. ಅದೇ ರಾಸಾಯನಿಕಗಳು ಅಮಿಗ್ಡಲಾಗೆ ಮಾತ್ರ ಇನ್ನಷ್ಟು ಬಲ ಕೊಡುತ್ತವೆ. ಒಂದೇ ಮಳೆ ಒಂದು ಹೊಲ ಕೊಚ್ಚಿಕೊಂಡು ಹೋಗಿ ಇನ್ನೊಂದು ಹೊಲ ಹಸಿರು ಮಾಡಿದ ಹಾಗೆ.

ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರ ಹೊಳೆಯದೆ, ಹೊರಗೆ ಬಂದ ಐದೇ ನಿಮಿಷಕ್ಕೆ ಪೂರ್ತಿ ನೆನಪಾಗುತ್ತದಲ್ಲ, ಅದು ಇದಕ್ಕೇ. ಉತ್ತರ ಎಲ್ಲೂ ಹೋಗಿರಲಿಲ್ಲ. ಅದನ್ನು ಹುಡುಕಿ ತರುವ ಆಳು ಆ ಹೊತ್ತಿಗೆ ಕೆಲಸ ಬಿಟ್ಟಿದ್ದ. ಜಗಳದಲ್ಲೂ ಹೀಗೆಯೇ ಆಗುತ್ತದೆ. ಎದುರಿಗಿರುವವರು ಮಾಡಿದ ನೂರು ಉಪಕಾರ ಆಗ ನೆನಪಿಗೆ ಬರುವುದಿಲ್ಲ. ಒಂದು ಅವಮಾನ ಮಾತ್ರ ಕಣ್ಣ ಮುಂದೆ ಕುಣಿಯುತ್ತದೆ.

ಹಾಗಾದರೆ ಅಮಿಗ್ಡಲಾ ಭಯದ ಕೇಂದ್ರವೇ?

ಹಾಗೆ ಹೇಳುವುದು ರೂಢಿ, ಆದರೆ ಅದು ಸರಿಯಲ್ಲ. ಲೆಡೂ ಅವರೇ ಈಗ ಅದನ್ನು ಒಪ್ಪುವುದಿಲ್ಲ. ಅಪಾಯ ಗುರುತಿಸಿ ಮೈಯನ್ನು ಸಜ್ಜು ಮಾಡುವುದು ಬೇರೆ, ‘ನನಗೆ ಹೆದರಿಕೆ ಆಗುತ್ತಿದೆ’ ಎಂಬ ಅನುಭವ ಬೇರೆ ಎನ್ನುತ್ತಾರೆ ಅವರು. ಅಮಿಗ್ಡಲಾ ಸಂತೋಷದ, ಆಸೆಯ ವಿಷಯಗಳಿಗೂ ಎಚ್ಚರಗೊಳ್ಳುತ್ತದೆ.

ವಿಜ್ಞಾನಿಗಳು ಎಸ್.ಎಂ. ಎಂದು ಕರೆಯುವ ಒಬ್ಬ ಮಹಿಳೆಯ ವಿಷಯ ಇಲ್ಲಿ ಹೇಳಬೇಕು. ಉರ್‌ಬಾಕ್-ವೀಟೆ ಎಂಬ ಅಪರೂಪದ ಕಾಯಿಲೆಯಿಂದ ಆಕೆಯ ಎರಡೂ ಅಮಿಗ್ಡಲಾ ಹಾಳಾಗಿದ್ದವು. ಹಾವು, ಜೇಡ ಯಾವುದಕ್ಕೂ ಆಕೆಗೆ ಭಯವಿರಲಿಲ್ಲ. ಆದರೆ 35 ಶೇಕಡ ಇಂಗಾಲದ ಡೈಆಕ್ಸೈಡ್ ಇರುವ ಗಾಳಿ ಉಸಿರಾಡಿಸಿದಾಗ ಆಕೆ ವಿಪರೀತ ಗಾಬರಿಯಾದರು. 2013ರಲ್ಲಿ ಇದು ಪ್ರಕಟವಾದಾಗ ಭಯದ ದಾರಿ ಒಂದೇ ಅಲ್ಲ ಎಂಬುದು ಖಚಿತವಾಯಿತು.

ಮಿದುಳಿನಲ್ಲಿ ಕೆಳಗೆ ಹಲ್ಲಿಯ ಮಿದುಳು, ನಡುವೆ ಪ್ರಾಣಿಯ ಮಿದುಳು, ಮೇಲೆ ಮನುಷ್ಯನ ಮಿದುಳು ಎಂದು ಮೂರು ಅಂತಸ್ತಿನ ಚಿತ್ರ ಹಲವು ಕಡೆ ನೋಡಿರುತ್ತೀರಿ. ಪಾಲ್ ಮ್ಯಾಕ್‌ಲೀನ್ ಅವರ ಈ ಕಲ್ಪನೆಯನ್ನು ಇಂದಿನ ನರವಿಜ್ಞಾನ ಬಿಟ್ಟಿದೆ. ಭಾವನೆ, ಯೋಚನೆ ಎರಡೂ ಹೆಣೆದುಕೊಂಡೇ ಕೆಲಸ ಮಾಡುತ್ತವೆ.

ಭಾವನೆಯೇ ಇಲ್ಲದಿದ್ದರೆ ಒಳ್ಳೆಯ ತೀರ್ಮಾನ ಮಾಡಬಹುದಲ್ವಾ?

ಇಲ್ಲ. ಆಂಟೋನಿಯೊ ಡಮಾಸಿಯೊ ಎಂಬ ನರವೈದ್ಯರ ಬಳಿ ಬಂದ ಒಬ್ಬ ರೋಗಿಯ ಕಥೆ ಕೇಳಿ. ಅವರು ಆತನನ್ನು ಎಲಿಯಟ್ ಎಂಬ ಬದಲಿ ಹೆಸರಿನಿಂದ ಕರೆದರು. ಮಿದುಳಿನ ಮುಂಭಾಗದಲ್ಲಿದ್ದ ಗಡ್ಡೆ ತೆಗೆದ ಮೇಲೆ ಆತನ ಬುದ್ಧಿ, ನೆನಪು, ಮಾತು ಎಲ್ಲ ಚೆನ್ನಾಗಿಯೇ ಇದ್ದವು. ಭಾವನೆ ಮಾತ್ರ ಆರಿಹೋಗಿತ್ತು. ಕಡತಗಳನ್ನು ದಿನಾಂಕದ ಪ್ರಕಾರ ಜೋಡಿಸಬೇಕೋ ವಿಷಯದ ಪ್ರಕಾರವೋ ಎಂದು ಗಂಟೆಗಟ್ಟಲೆ ಕೂರುತ್ತಿದ್ದ. ಕೆಲಸ ಹೋಯಿತು, ಉಳಿತಾಯ ಹೋಯಿತು, ಮದುವೆ ಮುರಿಯಿತು. ಇದು ಬೇಕು, ಇದು ಬೇಡ ಎಂದು ಒಳಗಿನಿಂದ ಹೇಳುವವರೇ ಇಲ್ಲದಿದ್ದರೆ ತರ್ಕ ಸುತ್ತುತ್ತಲೇ ಇರುತ್ತದೆ.

ಆದ್ದರಿಂದ ಭಾವನೆಯನ್ನು ಶತ್ರು ಎಂದುಕೊಳ್ಳಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಸಿಟ್ಟು ಬಂತು ಅಂದರೆ ನಿಮಗೆ ಮುಖ್ಯವಾದ ಏನೋ ಒಂದಕ್ಕೆ ಪೆಟ್ಟು ಬಿದ್ದಿದೆ ಎಂದು ಅರ್ಥ. ಆ ಸುದ್ದಿ ಬೇಕು. ಸುದ್ದಿ ತಂದವನ ಕೈಗೆ ಮನೆಯ ಕೀಲಿ ಕೊಡಬಾರದು, ಅಷ್ಟೇ.

ಹಳೆಯ ಘಟನೆ ನೆನಪಿಲ್ಲ, ಆದರೂ ಒಂದು ಧ್ವನಿ, ಒಂದು ವಾಸನೆಗೆ ಮೈ ಬೆವರುತ್ತದೆ. ಯಾಕೆ?

ಘಟನೆಯ ವಿವರ ಒಂದು ಕಡೆ, ಅದರ ಭಯ ಇನ್ನೊಂದು ಕಡೆ ಉಳಿಯುತ್ತದೆ. 1911ರಲ್ಲಿ ಎಡ್ವಾರ್ ಕ್ಲಪರೇಡ್ ಎಂಬ ಸ್ವಿಸ್ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಅವರ ಬಳಿ ಇದ್ದ ಒಬ್ಬ ಮಹಿಳೆಗೆ ಹೊಸ ನೆನಪು ಉಳಿಯುತ್ತಿರಲಿಲ್ಲ. ವೈದ್ಯರನ್ನು ಕಂಡಾಗಲೆಲ್ಲ ಹೊಸಬರು ಅಂದುಕೊಳ್ಳುತ್ತಿದ್ದರು. ಒಂದು ದಿನ ಕ್ಲಪರೇಡ್ ಬೆರಳ ಸಂದಿಯಲ್ಲಿ ಸೂಜಿ ಅಡಗಿಸಿಕೊಂಡು ಕೈ ಕುಲುಕಿದರು. ಆಕೆಗೆ ಚುಚ್ಚಿತು. ಆಮೇಲೆ ಕೈ ಚಾಚಿದಾಗ ಆಕೆ ಕೈ ಹಿಂದಕ್ಕೆ ಎಳೆದುಕೊಂಡರು. ಯಾಕೆಂದು ಮಾತ್ರ ಆಕೆಗೆ ಗೊತ್ತಿರಲಿಲ್ಲ.

ಎಷ್ಟೋ ಜನ ‘ಸುಮ್ನೆ ಇಷ್ಟಕ್ಕೆಲ್ಲ ಯಾಕೆ ಹೆದರುತ್ತೀಯಾ’ ಎಂಬ ಮಾತು ಕೇಳಿ ನೊಂದಿರುತ್ತಾರೆ. ಅವರಿಗೂ ಕಾರಣ ಗೊತ್ತಿರುವುದಿಲ್ಲ. ದಯವಿಟ್ಟು ಹಾಗೆ ಕೇಳಬೇಡಿ.

ಕೆಲವರಿಗೆ, ಕೆಲವು ದಿನ ಮಾತ್ರ ಇದು ಜಾಸ್ತಿ ಯಾಕೆ?

ನಿದ್ದೆ ಮೊದಲ ಕಾರಣ. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಸುಮಾರು 35 ಗಂಟೆ ನಿದ್ದೆಗೆಟ್ಟವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಚೆನ್ನಾಗಿ ಮಲಗಿದವರಿಗೆ ಹೋಲಿಸಿದರೆ ಅಮಿಗ್ಡಲಾದ ಪ್ರತಿಕ್ರಿಯೆ ಸುಮಾರು 60 ಶೇಕಡ ಹೆಚ್ಚಾಗಿತ್ತು. ಅದನ್ನು ಹಿಡಿತದಲ್ಲಿಡುವ ಪ್ರಿಫ್ರಂಟಲ್ ಭಾಗದ ಜೊತೆಗಿನ ನಂಟು ಸಡಿಲವಾಗಿತ್ತು.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಪ್ರಿಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿಗೆ. ಹದಿನೈದರ ಮಗ ಬಾಗಿಲು ದಢಾರನೆ ಹಾಕಿಕೊಂಡರೆ ಅವನ ತಲೆಯೊಳಗಿನ ಹಿರಿಯಣ್ಣ ಇನ್ನೂ ಬೆಳೆಯುತ್ತಿದ್ದಾನೆ ಎಂದು ನೆನಪಿಡಿ.

ದಿನದಿನದ ಒತ್ತಡ ಮಿದುಳಿನ ಆಕಾರವನ್ನೇ ಬದಲಿಸಬಲ್ಲದು. ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನು: ದಿನಕ್ಕೆ 2 ಗಂಟೆಯಂತೆ 10 ದಿನ ಒತ್ತಡಕ್ಕೆ ಒಳಗಾದ ಇಲಿಗಳ ಅಮಿಗ್ಡಲಾದಲ್ಲಿ ನರಕೋಶಗಳ ಕೊಂಬೆಗಳು ಬೆಳೆದಿದ್ದವು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಅವು ಮುದುಡಿದ್ದವು. ಒತ್ತಡ ನಿಂತು 21 ದಿನ ಕಳೆದರೂ ಅಮಿಗ್ಡಲಾದ ಬದಲಾವಣೆ ಹಾಗೇ ಉಳಿದಿತ್ತು ಎಂದು ಅವರ ತಂಡ ಮುಂದೆ ಕಂಡುಕೊಂಡಿತು. ಕಷ್ಟದ ದಿನ ಮುಗಿದ ಮೇಲೂ ಕೆಲವರು ಸಣ್ಣ ಸದ್ದಿಗೆ ಬೆಚ್ಚುತ್ತಾರಲ್ಲ, ಅವರನ್ನು ನೋಡಿದಾಗ ನನಗೆ ಈ ಇಲಿಗಳು ನೆನಪಾಗುತ್ತವೆ.

ಒಮ್ಮೆ ತಲೆ ಬಿಸಿಯಾದರೆ ಆರಲು ಎಷ್ಟು ಹೊತ್ತು ಬೇಕು?

ಅಡ್ರಿನಲಿನ್ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಹಿಂದೆಯೇ ಬರುವ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ನಿಧಾನದ್ದು. ಒತ್ತಡ ಶುರುವಾಗಿ 20ರಿಂದ 30 ನಿಮಿಷಕ್ಕೆ ಅದು ಏರಿದ ತುದಿ ತಲುಪುತ್ತದೆ. ಗಂಡಹೆಂಡಿರ ಜಗಳಗಳನ್ನು ವರ್ಷಗಟ್ಟಲೆ ಗಮನಿಸಿದ ಜಾನ್ ಗಾಟ್‌ಮನ್, ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಮಾತು ಮುಂದುವರಿಸಿ ಫಲವಿಲ್ಲ, ಕನಿಷ್ಠ 20 ನಿಮಿಷ ಬಿಡಿ ಎನ್ನುತ್ತಾರೆ.

ಇಲ್ಲಿ ಒಂದು ಅಪಾಯವಿದೆ. ಮೈಯ ಕಾವು ಉಳಿದಿರುವಾಗ ತಲೆ ಅದಕ್ಕೆ ತಪ್ಪು ಕಾರಣ ಹಚ್ಚುತ್ತದೆ. 1974ರಲ್ಲಿ ಡೊನಾಲ್ಡ್ ಡಟನ್, ಆರ್ಥರ್ ಏರನ್ ಎಂಬ ಇಬ್ಬರು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದರು. ಸುಮಾರು 70 ಮೀಟರ್ ಎತ್ತರದ, ಓಲಾಡುವ ಸೇತುವೆ ಅದು. ಅಲ್ಲಿ ಒಬ್ಬ ಯುವತಿ ಗಂಡಸರನ್ನು ಮಾತಾಡಿಸಿ ಫೋನ್ ನಂಬರ್ ಕೊಟ್ಟಳು. ಗಟ್ಟಿ ಸೇತುವೆಯ ಮೇಲೆ ಸಿಕ್ಕವರಿಗಿಂತ ಇಲ್ಲಿ ಸಿಕ್ಕವರೇ ಆಮೇಲೆ ಜಾಸ್ತಿ ಫೋನ್ ಮಾಡಿದರು. ಎದೆಬಡಿತ ಎತ್ತರದಿಂದ ಬಂದದ್ದು, ಅವರು ಅದನ್ನು ಆಕರ್ಷಣೆ ಎಂದು ಓದಿಕೊಂಡರು ಎಂಬುದು ಸಂಶೋಧಕರ ವಿವರಣೆ. ಕೆಲಸದ ಜಾಗದ ಸಿಟ್ಟನ್ನು ಮನೆಯಲ್ಲಿ ಮಗುವಿನ ಮೇಲೆ ತೀರಿಸುವಾಗ ನಾವೂ ಹೀಗೇ ತಪ್ಪು ಓದುತ್ತೇವೆ.

ಆ ಗಳಿಗೆಯಲ್ಲಿ ಮಾಡಲು ಸಾಧ್ಯವಿರುವುದೇನು?

ಸಿಟ್ಟನ್ನು ಗೆಲ್ಲಲು ಹೋಗಬೇಡಿ. ಬುದ್ಧಿ ಬಂದು ಸೇರುವವರೆಗೆ ಹೊತ್ತು ಕಳೆಯಿರಿ. ಅಷ್ಟು ಮಾಡಿದರೆ ಸಾಕು.

ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ. ಮೈಯ ಈ ಗಲಾಟೆಯಲ್ಲಿ ನಮ್ಮ ಮಾತು ಕೇಳುವ ಹಿಡಿಕೆ ಎಂದರೆ ಉಸಿರೇ. ಹೃದಯಕ್ಕೆ ನಿಧಾನವಾಗು ಎಂದು ಹೇಳಲಾಗದು, ಉಸಿರಿಗೆ ಹೇಳಬಹುದು.

ಆಮೇಲೆ ಆಗುತ್ತಿರುವುದಕ್ಕೆ ಹೆಸರಿಡಿ. ‘ನನಗೆ ಸಿಟ್ಟು ಬಂದಿದೆ.’ ‘ಇದು ಸಿಟ್ಟಲ್ಲ, ಅವಮಾನ.’ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ, ಭಯದ ಮುಖಗಳನ್ನು ನೋಡಿ ಆ ಭಾವನೆಗೆ ಸರಿಯಾದ ಪದ ಆರಿಸಿದಾಗ ಜನರ ಅಮಿಗ್ಡಲಾ ತಣ್ಣಗಾಯಿತು, ಪ್ರಿಫ್ರಂಟಲ್‌ನ ಬಲಭಾಗ ಚುರುಕಾಯಿತು. ಪದ ಹುಡುಕುವ ಕೆಲಸ ಹಿರಿಯಣ್ಣನನ್ನು ಮತ್ತೆ ಕರೆತರುತ್ತದೆ. ಸಿಟ್ಟು ಎಂಬ ಒಂದೇ ಪದಕ್ಕೆ ನಿಲ್ಲಬೇಡಿ. ಕಸಿವಿಸಿ, ಮುನಿಸು, ಹೊಟ್ಟೆಕಿಚ್ಚು, ದಿಗಿಲು, ಕಳವಳ, ನಾಚಿಕೆ ಎಂದು ನಮ್ಮ ಮಾತಿನಲ್ಲಿ ಎಷ್ಟೊಂದು ಬಗೆಯಿದೆ. ಸರಿಯಾದದ್ದು ಸಿಕ್ಕಾಗ ಒಳಗೆ ಏನೋ ಸಡಿಲಾಗುವುದು ಗೊತ್ತಾಗುತ್ತದೆ.

ಅದೂ ಆಗದಿದ್ದರೆ ಅಲ್ಲಿಂದ ಎದ್ದು ಹೋಗಿ. ‘ಅರ್ಧ ಗಂಟೆ ಬಿಟ್ಟು ಬಂದು ಮಾತಾಡುತ್ತೇನೆ’ ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಹೇಳದೆ ಹೋದರೆ ಉಳಿದವರಿಗೆ ಅದೇ ಇನ್ನೊಂದು ಪೆಟ್ಟು.

ಮೆಸೇಜ್ ಮಾತ್ರ ಕಳಿಸಬೇಡಿ. ಒಂದು ರಾತ್ರಿ ಹನ್ನೊಂದಕ್ಕೆ ನಾನು ಕಳಿಸಿದ ನಾಲ್ಕು ಸಾಲಿನಿಂದ ಒಬ್ಬ ಹಳೆಯ ಗೆಳತಿಯ ಜೊತೆ ಎರಡು ವರ್ಷ ಮಾತು ನಿಂತಿತ್ತು. ಬೆಳಿಗ್ಗೆಯವರೆಗೆ ಕಾದಿದ್ದರೆ ಆ ನಾಲ್ಕರಲ್ಲಿ ಒಂದು ಸಾಲನ್ನೂ ನಾನು ಬರೆಯುತ್ತಿರಲಿಲ್ಲ.

ಸಿಟ್ಟು ಹೊರಹಾಕಿದರೆ ಮನಸ್ಸು ಹಗುರವಾಗುತ್ತದಂತೆ, ನಿಜವೇ?

ನಿಜವಲ್ಲ. ಬ್ರಾಡ್ ಬುಶ್‌ಮನ್ 2002ರಲ್ಲಿ ಪರೀಕ್ಷೆ ಮಾಡಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗ್ ಗುದ್ದಿದವರಲ್ಲಿ ಸಿಟ್ಟು ಎಲ್ಲರಿಗಿಂತ ಜಾಸ್ತಿ ಇತ್ತು. ಏನೂ ಮಾಡದೆ ಸುಮ್ಮನೆ ಕೂತವರೇ ವಾಸಿ. ಕೂಗಾಡುವುದು ಉರಿಗೆ ಎಣ್ಣೆ ಸುರಿದ ಹಾಗೆ.

ಹಾಗಾದರೆ ನುಂಗಿಕೊಳ್ಳಬೇಕಾ?

ಅದೂ ಬೇಡ. ಮುಖದಲ್ಲಿ ತೋರದ ಹಾಗೆ ಅದುಮಿಟ್ಟರೆ ಒಳಗಿನ ಭಾವನೆ ಕಡಿಮೆಯಾಗುವುದಿಲ್ಲ, ಮೈಯ ಒತ್ತಡ ಏರುತ್ತದೆ, ಆಗ ನಡೆದ ಮಾತೂ ಸರಿಯಾಗಿ ನೆನಪುಳಿಯುವುದಿಲ್ಲ. ಜೇಮ್ಸ್ ಗ್ರಾಸ್ ಅವರ ಸಂಶೋಧನೆಗಳು ಇದನ್ನು ತೋರಿಸಿವೆ. ನಡೆದದ್ದನ್ನು ಬೇರೆ ಬಗೆಯಲ್ಲಿ ಅರ್ಥ ಮಾಡಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ‘ಬೇಕಂತಲೇ ಫೋನ್ ಎತ್ತಲಿಲ್ಲ’ ಎನ್ನುವ ಜಾಗದಲ್ಲಿ ‘ಏನೋ ತೊಂದರೆಯಲ್ಲಿರಬಹುದು’ ಎಂದು ಯೋಚಿಸಿ ನೋಡುವುದು. ಇದನ್ನು ಸಿಟ್ಟು ನೆತ್ತಿಗೇರುವ ಮೊದಲೇ ಮಾಡಬೇಕು. ಏರಿದ ಮೇಲೆ ಕಷ್ಟ.

ಎದುರಿಗಿರುವವರು ಕೂಗಾಡುತ್ತಿದ್ದರೆ?

ಆಗ ವಾದ ಹೂಡಬೇಡಿ. ಅವರ ವಾದ ಕೇಳುವ ಭಾಗ ಆ ಹೊತ್ತಿಗೆ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ‘ಸಮಾಧಾನ ಮಾಡ್ಕೋ’ ಎಂಬ ಮಾತೂ ಚುಚ್ಚುತ್ತದೆ. ದನಿ ತಗ್ಗಿಸಿ, ಮೆಲ್ಲಗೆ ಮಾತಾಡಿ, ‘ನಿನಗೆ ತುಂಬಾ ಬೇಜಾರಾಗಿದೆ’ ಎಂದು ಅವರ ಭಾವನೆಗೆ ನೀವು ಹೆಸರು ಕೊಡಿ. ಕೈ ಎತ್ತುವ ಹಾಗಿದ್ದರೆ ಮಾತು ಬಿಟ್ಟು ಮೊದಲು ಅಲ್ಲಿಂದ ದೂರ ಹೋಗಿ.

‘ನನ್ನ ಮಿದುಳು ಮಾಡಿಸಿತು, ನನ್ನ ತಪ್ಪಲ್ಲ’ ಅನ್ನಬಹುದಾ?

ಅನ್ನಬಾರದು. ಮೊದಲ ಕಿಡಿ ನಮ್ಮ ಕೈಯಲ್ಲಿಲ್ಲ, ಅದು ನಿಜ. ಆದರೆ ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನೋವು ಉಂಡವರಿಗೆ ಅಮಿಗ್ಡಲಾದ ವಿವರಣೆ ಕೊಟ್ಟು ಏನು ಪ್ರಯೋಜನ? ಅವರಿಗೆ ಬೇಕಾದದ್ದು ಕ್ಷಮೆ. ಇನ್ನೊಂದು ಮಾತು. ಮೇಲಧಿಕಾರಿಯ ಮುಂದೆ ನಾಲಿಗೆ ಹಿಡಿಯಬಲ್ಲವರು ಮನೆಗೆ ಬಂದು ಮಾತ್ರ ಹಿಡಿತ ತಪ್ಪುತ್ತಾರೆ ಅಂದರೆ ಅಲ್ಲಿ ಮಿದುಳಿನ ಅಪಹರಣದ ಮಾತು ಪೂರ್ತಿ ಒಪ್ಪುವಂಥದ್ದಲ್ಲ.

ಮೊದಲೇ ತಯಾರಿ ಮಾಡಿಕೊಳ್ಳಬಹುದಾ?

ಖಂಡಿತ. ಬುದ್ಧಿ ತಡವಾಗಿ ಬರುತ್ತದೆ ಎಂದಮೇಲೆ ಅದು ಮಾಡಬೇಕಾದ ಕೆಲಸವನ್ನು ಮುಂಚೆಯೇ ಮಾಡಿಸಿಡಬೇಕು. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಕಂಡುಕೊಂಡಂತೆ ‘ಶಾಂತವಾಗಿರುತ್ತೇನೆ’ ಎಂಬ ಬರೀ ಸಂಕಲ್ಪಕ್ಕಿಂತ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ನಿರ್ದಿಷ್ಟ ಮಾತು ಜಾಸ್ತಿ ಫಲಿಸುತ್ತದೆ. ‘ಅವರು ಆ ಹಳೆಯ ವಿಷಯ ಎತ್ತಿದರೆ, ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿಯುತ್ತೇನೆ.’ ಇಷ್ಟು ಚಿಕ್ಕದಾಗಿರಲಿ.

ಹಳೆಯ ಭಯವನ್ನು ಅಳಿಸಲಾಗದು ಎಂಬುದು ಗೊತ್ತಿರಲಿ. ಮತ್ತೆ ಮತ್ತೆ ಎದುರಿಸಿ ಅಪಾಯವಿಲ್ಲ ಎಂದು ಮಿದುಳು ಕಲಿತಾಗ ಹಳೆಯದರ ಮೇಲೆ ಹೊಸ ಪಾಠ ಕೂರುತ್ತದೆ. ಎಷ್ಟೋ ದಿನದ ಮೇಲೆ ಭಯ ಮರಳಿ ಬರಬಹುದು. ಹಾಗೆ ಬಂದರೆ ಕಲಿತದ್ದೆಲ್ಲ ಹಾಳಾಯಿತು ಎಂದು ಕುಗ್ಗಬೇಡಿ, ಎರಡನೇ ಸಲ ಅದು ಬೇಗ ಇಳಿಯುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಕಾರಣವೇ ಇಲ್ಲದೆ ದಿಗಿಲು ಮತ್ತೆ ಮತ್ತೆ ಬರುತ್ತಿದ್ದರೆ, ಸಿಟ್ಟಿನಲ್ಲಿ ಯಾರ ಮೇಲಾದರೂ ಕೈ ಮಾಡಿದ್ದರೆ, ಹಳೆಯ ಆಘಾತ ಕನಸಿನಲ್ಲೂ ಬಿಡದಿದ್ದರೆ, ಹೆದರಿಕೆಯಿಂದ ಹೊರಗೆ ಹೋಗುವುದೇ ನಿಂತಿದ್ದರೆ ಕಾಯಬೇಡಿ. ಬದುಕು ಸಾಕು ಎನ್ನಿಸುತ್ತಿದ್ದರೆ ಈಗಲೇ ಯಾರಿಗಾದರೂ ಹೇಳಿ. ದಿಗಿಲಿನ ಎದೆನೋವು ಹೃದಯಾಘಾತದ ಹಾಗೇ ಇರಬಹುದು. ಮೊದಲ ಸಲ ಬಂದಾಗ ಇದು ಬರೀ ಗಾಬರಿ ಎಂದು ನೀವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ಸಲ ಬಂತು, ಎಷ್ಟು ಹೊತ್ತಿತ್ತು, ಅದಕ್ಕೆ ಮುಂಚೆ ಏನು ನಡೆದಿತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು. ವೈದ್ಯರ ಎದುರು ಕೂತಾಗಲೂ ಎದೆ ಹೊಡೆದುಕೊಂಡು ಎಲ್ಲ ಮರೆತುಹೋಗಬಹುದು. ಆಗ ಆ ಚೀಟಿಯನ್ನೇ ಅವರ ಕೈಗೆ ಕೊಡಿ.